ಗುಂಡುಕಲ್ಲನ್ನು ತೂಗಿದ ತೊಟ್ಟಿಲು

ನನ್ನ ಮಗಳ ತೊಟ್ಟಿಲನ್ನು ಇನ್ನು ಯಾರೂ ಕೈಯಿಂದ ತೂಗಬೇಕಾಗಿಲ್ಲ ಎಂದು ಸಕಲ ಬಂಧುಬಳಗಕ್ಕೆ ಮೊದಲೇ ತಿಳಿಯಪಡಿಸಿದ್ದೆ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವನಿಗೆ ಅಷ್ಟೂ ಬಾರದಿದ್ದರೆ ಹೇಗೆ?

ವಿಧಾನದ ಹೆಸರು ಬಾಂಡ್ ಗ್ರಾಫ್. ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಕೂಡಿರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂದು ಗೆರೆ ಎಳೆದು ಚಿತ್ರ ಬರೆದುಕೊಟ್ಟರೆ ಸಾಕು. ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿ, ತೊಟ್ಟಿಲನ್ನು ಪರದೆಯ ಮೇಲೆ ತೂಗಿ ತೋರಿಸುತ್ತದೆ. ನನ್ನ ಚಿತ್ರದಲ್ಲಿ ಮೋಟಾರು ಪ್ರತಿ ತೂಗಾಟಕ್ಕೂ ಒಂದಿಷ್ಟು ತಳ್ಳುತ್ತಿತ್ತು; ಅಷ್ಟೇ ಶಕ್ತಿ ಮೇಲಿನ ಕೊಂಡಿಗಳ ಉಜ್ಜಾಟದಲ್ಲಿ ಸೋರುತ್ತಿತ್ತು. ಪರದೆಯ ಮೇಲೆ ಎಂಥ ನಯ, ಎಂಥ ಗಾಂಭೀರ್ಯ! ಹಾಗೆಯೇ ತೊಟ್ಟಿಲಿಗೆ ಮೋಟಾರು ಕಟ್ಟಿ, ಕರೆಂಟ್ ಹೋದರೂ ನಿಲ್ಲಬಾರದೆಂದು ಬ್ಯಾಟರಿಯ ಯುಪಿಎಸ್ ಬೇರೆ ಜೋಡಿಸಿದೆ.

ನಾಮಕರಣದ ಬೆಳಿಗ್ಗೆ, ಚನ್ನಪಟ್ಟಣದ ಮಾವನ ಮನೆಯಲ್ಲಿ, ಹೆಂಡತಿ ಸವಿತಾ ಅಂದಳು: "ರೀ, ಕೊಂಡಿ ಕಿರ್ರ್ ಅಂತಿದೆ. ಮಗು ಎದ್ದುಬಿಡುತ್ತೆ."

ಧಾರಾಳವಾಗಿ ಎಣ್ಣೆ ಬಿಟ್ಟೆ. ಸದ್ದಡಗಿತು, ಜೊತೆಗೆ ಉಜ್ಜಾಟವೂ. ಚಿತ್ರವನ್ನು ತಿದ್ದಬೇಕೆಂದು ಮಾತ್ರ ಹೊಳೆಯಲಿಲ್ಲ!

ಮಗಳನ್ನೆತ್ತಿಕೊಂಡು ತೊಟ್ಟಿಲ ಬಳಿ ಬಂದರೆ ಅತ್ತೆ ಅಡ್ಡ ನಿಂತರು. ಅವರ ಕೈಯಲ್ಲಿ ಕುಲಾವಿ ತೊಟ್ಟ ಗುಂಡುಕಲ್ಲು.

"ತಡೀರಿ ಅಳಿಯಂದ್ರೆ. ಮೊದ್ಲು ಗುಂಡುಕಲ್ಲು ಮಲಗ್ಬೇಕು, ಆಮ್ಯಾಕೆ ಮಗು."

"ಕಲ್ಲಿಗ್ಯಾಕತ್ತೆ ಜೋಗುಳ?"

"ಶಾಸ್ತ್ರ ಅಂದ್ರೆ ಶಾಸ್ತ್ರ."

ವಿಜ್ಞಾನಕ್ಕಾದ ಈ ಅವಮಾನವನ್ನು ನುಂಗಿಕೊಂಡು, ಮಗಳನ್ನು ಸವಿತಾಳ ಕೈಗಿತ್ತು, ಅತ್ತೆ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿದ ಮೇಲೆ ಸ್ವಿಚ್ ಒತ್ತಿದೆ. ಮೆಚ್ಚುಗೆ ಸ್ವೀಕರಿಸಲು ಈಚೆ ಬಂದು ನಿಂತೆ.

ಮೊದಲು ಮೆಲ್ಲಗೆ. ಹೆಂಗಸರು ಜೋಗುಳ ಎತ್ತಿಕೊಂಡರು. ಆಮೇಲೆ ಒಂಚೂರು ಜೋರು. ಆಮೇಲೆ ಜೋಗುಳ ನಿಂತಿತು. ಸೋರಲು ದಾರಿಯಿಲ್ಲದ ಶಕ್ತಿಯೆಲ್ಲ ತೊಟ್ಟಿಲಲ್ಲೇ ಕೂಡತೊಡಗಿತ್ತು!

"ರೀ, ನಿಲ್ಸ್ರೀ!"

ಸ್ವಿಚ್ಚು ತೊಟ್ಟಿಲ ಆಚೆ. ನಾನು ಈಚೆ. ನಡುವೆ ಬೀಸುವ ಮರದ ತೊಟ್ಟಿಲು. ಬಾಮೈದ ಓಡಿಹೋಗಿ ಮೇನ್ ಇಳಿಸಿದ.

"ಕರೆಂಟ್ ತೆಗ್ದಿವ್ನಿ ಭಾವ! ಇನ್ನೂ ತೂಗ್ತಾ ಐತಲ್ಲ!"

"ಯುಪಿಎಸ್ ಐತೆ ಕಣೋ!"

ತೊಟ್ಟಿಲು ಗೋಡೆಗೆ ಬಡಿದು ಮಗುಚಿತು. ಗುಂಡುಕಲ್ಲು ಕುಲಾವಿ ಸಮೇತ ಹಾರಿ, ನೆಲದ ಟೈಲ್ಸನ್ನು ಸೀಳಿ, ನನ್ನ ಕಾಲ ಬಳಿ ಬಂದು ನಿಂತಿತು.

ಸವಿತಾಳ ತೋಳಿನಲ್ಲಿ ಮಗಳು ಆಕಳಿಸಿದಳು.

ಕಲ್ಲು ಭಾರ, ಅದಕ್ಕೇ ತೊಟ್ಟಿಲು ಜೋರಾಗಲು ಅಷ್ಟು ಹೊತ್ತು ಹಿಡಿಯಿತು. ಮಗಳು ಹಗುರ. ಬಸ್ಸಿನಲ್ಲಿ, ಪಾಠದ ನಡುವೆ, ಅನ್ನ ಕಲಸುವಾಗ ಈ ಲೆಕ್ಕ ತಾನಾಗಿ ಶುರುವಾಗುತ್ತದೆ. ಉತ್ತರ ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ.

ಈಗ ಮೋಟಾರು ಅಟ್ಟದ ಮೇಲಿದೆ. ಕೊಂಡಿಗಳ ಎಣ್ಣೆಯನ್ನು ನಾನೇ ಒರೆಸಿದ್ದೇನೆ. ಆ ಕಿರ್ರ್ ಸದ್ದು ಕೇಳಿದರೇ ಜೀವಕ್ಕೆ ನೆಮ್ಮದಿ. ತೊಟ್ಟಿಲಿಗೆ ಕಟ್ಟಿದ ಹಗ್ಗದ ತುದಿ ನನ್ನ ಕಾಲ ಹೆಬ್ಬೆರಳಿನಲ್ಲಿದೆ.

"ಒಸಿ ಮೆಲ್ಲಗೆ, ಅಳಿಯಂದ್ರೆ" ಎಂದು ಅತ್ತೆ ಅಡುಗೆಮನೆಯಿಂದಲೇ ಎಚ್ಚರಿಸುತ್ತಾರೆ.

ಚಿತ್ರವನ್ನೂ ತಿದ್ದಿದ್ದೇನೆ. ಮೋಟಾರು ಇದ್ದ ಜಾಗದಲ್ಲಿ ಈಗ ನಾನು!