ಆರ್ಗನ್ನಿಗೆ ಹುಣಸೆಹಣ್ಣು

ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಮ್ಮಿನ ತಿದಿ ಹರಿದಾಗ ಒಮ್ಮೆ ಚರ್ಮ ಅಂಟಿಸಿದ್ದೆ. ಅಷ್ಟರಿಂದಲೇ ಚಿಕ್ಕೋಡಿಯಲ್ಲಿ ನನ್ನಂಥ ವಾದ್ಯತಜ್ಞ ಇನ್ನೊಬ್ಬನಿಲ್ಲವೆಂದು ಘೋಷಣೆಯಾಯಿತು. ಘೋಷಿಸಿದವನು ನಾನೇ!

ಪಕ್ಕದ ಮನೆಯ ಮಾರ್ತಾಬಾಯಿ ನಂಬಿಬಿಟ್ಟರು. ನಾನು ಕಲಿಸುವ ಶಾಲೆಯಿಂದಲೇ ನಿವೃತ್ತರಾದ ಶಿಕ್ಷಕಿ. ಬ್ರಿಟಿಷರ ಕಾಲದಲ್ಲಿ ಪಾದ್ರಿಯೊಬ್ಬರು ಕೊಲ್ಲಾಪುರದಿಂದ ಎತ್ತಿನ ಗಾಡಿಯಲ್ಲಿ ತರಿಸಿದ್ದ ಚರ್ಚಿನ ಆರ್ಗನ್ನನ್ನು ಮೊದಲು ಮಾರ್ತಾಬಾಯಿಯವರ ತಂದೆ, ಆಮೇಲೆ ನಲವತ್ತು ವರ್ಷ ಇವರು, ಕಾಲಿನಿಂದ ತಿದಿ ತುಳಿದು ನುಡಿಸಿದ್ದರು. ಈಗ ಅದರ ತಿದಿಯನ್ನು ಇಲಿ ಕಡಿದಿತ್ತು.

“ಮಾಸ್ತರ, ಹೊಸಾ ವರ್ಷಕ್ಕ ನನ್ನ ಮೊಣಕಾಲ ಆಪರೇಷನ್ ಐತ್ರಿ. ಆಮ್ಯಾಲೆ ತುಳೀಬ್ಯಾಡ ಅಂದಾರ ಡಾಕ್ಟರು. ಈ ಕ್ರಿಸ್ಮಸ್ಸಿಗೆ ಒಂದ್ಸಲ ಬಾರಿಸಿಬಿಡ್ತೇನ್ರಿ.”

“ಎರಡ ದಿನದ ಕೆಲಸರಿ ಬಾಯಾರ!” ಅಂದೆ.

ತಿದಿ ನಿಜಕ್ಕೂ ಸರಿಹೋಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳು ಕಪ್ಪಾಗಿದ್ದವು. ಹಬ್ಬಕ್ಕೆ ಕಪ್ಪು ಹಿತ್ತಾಳೆಯೇ? ಅರವತ್ತೊಂದನ್ನೂ ಬಿಚ್ಚಿ, ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರು ಬರೆದು, ಮನೆಗೆ ತಂದು, ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ.

“ಏನ್ರೀ, ಅವೇನ ತಂಬಿಗೀ ಏನ್ರಿ?” ಎಂದಳು ಹೆಂಡತಿ.

“ನಿನಗ ಸಂಗೀತ ತಿಳಿಯಂಗಿಲ್ಲ, ಸುಮ್ನಿರು.”

ಥಳಥಳ ಹೊಳೆದವು! ನಂಬರುಗಳೂ ಅಷ್ಟೇ ಸ್ವಚ್ಛವಾಗಿ ತೊಳೆದುಹೋಗಿದ್ದವು.

ಉದ್ದದ್ದು, ಗಿಡ್ಡದ್ದು ನೋಡಿ ಅಂದಾಜಿನಲ್ಲಿ ಜೋಡಿಸಿದೆ. ಒಂದು ಸ್ವರವೂ ಇನ್ನೊಂದಕ್ಕೆ ಹೊಂದಲಿಲ್ಲ. ಹೆದರಿಕೆಯಾಗಿ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಮಿರಜದ ವಾದ್ಯ ರಿಪೇರಿಯವರನ್ನು ಕರೆಸಿದೆ. ಅವರು ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು, ಇದನ್ನು ತಿಕ್ಕಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಚರ್ಚಿನಲ್ಲಿದ್ದವರೆಲ್ಲ ನನ್ನತ್ತ ನೋಡಿದರು. ಕೂದಲೆಳೆಯಷ್ಟು ಸವೆದರೂ ಸ್ವರ ಕೆಡುತ್ತದಂತೆ. ನಾನು ಎರಡು ಗಂಟೆ ತಿಕ್ಕಿದ್ದೆ! ಹಬ್ಬದೊಳಗೆ ಸರಿಮಾಡಲು ಸಾಧ್ಯವೇ ಇಲ್ಲ ಎಂದು ಹೊರಟುಹೋದರು.

ಕ್ರಿಸ್ಮಸ್ ದಿನ ಯಾರೋ ಕೀಬೋರ್ಡ್ ತಂದು ಬಾರಿಸಿದರು. ಮಾರ್ತಾಬಾಯಿ ಬೆಂಚಿನಲ್ಲಿ ಕೂತಿದ್ದರು. ಅವರ ಮುಖ ನೋಡುವ ಧೈರ್ಯವಿಲ್ಲದೆ ನಾನು ನೆಲ ನೋಡುತ್ತಿದ್ದೆ. ಅದಕ್ಕೇ ಕಂಡಿತು. ಹಾಡು ಶುರುವಾದೊಡನೆ, ಸೀರೆಯಂಚಿನ ಕೆಳಗೆ ಅವರ ಎರಡೂ ಪಾದಗಳು ಬರಿ ನೆಲವನ್ನು ತುಳಿಯತೊಡಗಿದವು. ಹಾಡು ಮುಗಿಯುವವರೆಗೂ ನಿಲ್ಲಲಿಲ್ಲ.

“ತಪ್ಪಾತ್ರಿ ಬಾಯಾರ,” ಅಂದೆ, ಹೊರಗೆ ಬಂದ ಮೇಲೆ.

“ಇರ್ಲಿ ಬಿಡ್ರಿ ಮಾಸ್ತರ. ಹೊಳಪು ಭಾಳ ಛಂದ ಬಂದೈತಿ.”

ಈಗ ಪ್ರತಿ ದೀಪಾವಳಿಗೆ ಹೆಂಡತಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಂದು ನನ್ನ ಮುಂದಿಡುತ್ತಾಳೆ.

“ಎಷ್ಟ ಬೇಕಾದ್ರೂ ತಿಕ್ಕ್ರಿ. ಇವು ಹಾಡಂಗಿಲ್ಲ.”

ನಾನು ಹುಣಸೆಹಣ್ಣು ನೆನೆಹಾಕಿ ತಿಕ್ಕುತ್ತೇನೆ.