ರಸ್ತೆಯಂಚಿನ ಚಿಕ್ಕಮಾವ

ಅವತ್ತು ಬೆಳಿಗ್ಗೆ ಗಾವಡಗೆರೆಯ ನಮ್ಮ ಮನೆಯ ಜಗುಲಿಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಎರಡು ವರ್ಷದ ಮಗಳು ಸುಲಿದ ಕಾಳನ್ನು ಮತ್ತೆ ಸಿಪ್ಪೆಗೇ ತುಂಬುತ್ತಿದ್ದಳು. ನನ್ನ ಯಜಮಾನರ ಚಿಕ್ಕಪ್ಪ, ಅಂದರೆ ನನ್ನ ಚಿಕ್ಕಮಾವ, ಅಂಗಳದಲ್ಲಿ ತಮ್ಮ ಹಳೇ ಕಾರನ್ನು ಒರೆಸುತ್ತಿದ್ದರು.

ಇವರಿಗೆ ಕಾರು ಓಡಿಸುವುದಕ್ಕಿಂತ ನಿಲ್ಲಿಸುವುದೇ ದೊಡ್ಡ ವಿದ್ಯೆ ಎಂದರೆ ನಂಬುತ್ತೀರಾ? ನಿಲ್ಲಿಸಬೇಕಾದರೆ ಜಲ್ಲಿ ರಸ್ತೆ ಬಿಟ್ಟು ಪಕ್ಕದ ಮಣ್ಣಿನ ಅಂಚಿಗೇ ಇಳಿಸಬೇಕು. ಇಳಿಸಿದ ಮೇಲೂ ನೆಮ್ಮದಿಯಿಲ್ಲ! ನೆಲ ಕುಸಿದೀತೇ ಎಂದು ಕೋಲಿನಿಂದ ಕುಟ್ಟಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು, ಹಿಂದುಗಡೆ ಕೆಂಪು ಬಟ್ಟೆ ಕಟ್ಟಬೇಕು. ಅದು ನಮ್ಮತ್ತೆಯ ಹಳೇ ರವಿಕೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗಾಡಿಚಕ್ರ ತುಳಿಯಲೆಂದು ರಸ್ತೆಗೆ ಹುರುಳಿ ಹರಡುತ್ತಿದ್ದ ರೈತರು ಕೆಣಕುತ್ತಿದ್ದರು: "ಯಾಕ್ ಸ್ವಾಮಿ, ಕಾರು ಮಲೀಕತದಾ?"

"ಮಲಗಲ್ಲ ಕಣಯ್ಯಾ, ಬದುಕ್ಕೊಳ್ತದೆ!"

ನಾವು ಕಾರಿನಿಂದ ಇಳಿಯುವುದೂ ಚರಂಡಿಯ ಕಡೆಗೇ. ಕಾನ್ವೆಂಟಿನ ಸಿಸ್ಟರುಗಳು ನನಗೆ ನೆಟ್ಟಗೆ ಕೂರುವುದನ್ನು ಕಲಿಸಿದ್ದರು. ಚರಂಡಿಗೆ ಇಳಿಯುವುದನ್ನು ಕಲಿಸಿರಲಿಲ್ಲ. ಪಿರಿಯಾಪಟ್ಟಣದ ಮದುವೆಗೆ ಹೋಗುವಾಗ ಅತ್ತೆ ರೇಷ್ಮೆ ಸೀರೆಯಲ್ಲೇ ಜಾರಿದರು.

"ಬಸ್ಸಿನ ಕೆಳಗೆ ಹೋಗೋದಕ್ಕಿಂತ ಚರಂಡೀಲಿ ಕೂರೋದು ವಾಸಿ, ಅತ್ತಿಗೆ!"

"ಕೂತಿಲ್ಲ ಕಣಪ್ಪಾ, ಬಿದ್ದಿದೀನಿ!"

ನಾವೆಲ್ಲ ನಕ್ಕೆವು. ಬಹಳ ಹಿಂದೆ ಚಿಕ್ಕಮಾವನ ಹೆಂಡತಿ ಕೂತಿದ್ದ ಎತ್ತಿನಗಾಡಿ ಅಚ್ಚು ಮುರಿದು ನಡುರಸ್ತೆಯಲ್ಲಿ ನಿಂತಾಗ, ಬಸ್ಸೊಂದು ಬಂದು ಹೊಡೆದಿತ್ತು. ಆಕೆ ಉಳಿಯಲಿಲ್ಲ. ಇದನ್ನು ಹೇಳಿದ್ದು ಅತ್ತೆ. ಚಿಕ್ಕಮಾವ ಎಂದೂ ಹೇಳಲಿಲ್ಲ, ನಮ್ಮ ನಗುವನ್ನೂ ತಡೆಯಲಿಲ್ಲ.

ಅವತ್ತು ಜಗುಲಿಯಲ್ಲಿ ಮಗಳು ಇದ್ದಕ್ಕಿದ್ದಂತೆ ಕೆಮ್ಮಿದಳು. ಆಮೇಲೆ ಉಸಿರೆಳೆದಾಗಲೆಲ್ಲ ಶಿಳ್ಳೆಯಂಥ ಸದ್ದು. ಅವರೆಕಾಳು ಗಂಟಲಿಗಿಳಿದಿತ್ತು! ಬೆನ್ನು ಗುದ್ದಿದರೂ ಬರಲಿಲ್ಲ. ತುಟಿ ನೀಲಿಗೆ ತಿರುಗತೊಡಗಿತು. ಚಿಕ್ಕಮಾವ ಕಾರು ಹೊರಡಿಸಿದರು, ಹುಣಸೂರಿನ ಆಸ್ಪತ್ರೆಗೆ.

ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ಕೀಲಿ ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳಲಿಲ್ಲ. ಅಭ್ಯಾಸಬಲದಿಂದ ನಾನು ಮಗುವನ್ನೆತ್ತಿಕೊಂಡು ಚರಂಡಿಯ ಕಡೆ ಇಳಿದೆ. ಅವರು ಆ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ತಿರುವಿನಲ್ಲಿ ಬಸ್ಸಿನ ಧೂಳು ಎದ್ದಿತ್ತು. ಚಿಕ್ಕಮಾವ ಅದಕ್ಕೆದುರಾಗಿ ಓಡಿ, ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತರು. ಹಾರನ್ ಕೂಗಿತು. ಅವರು ಕಣ್ಣು ಮುಚ್ಚಿಕೊಂಡರು, ಕದಲಲಿಲ್ಲ.

ಬಸ್ಸು ಅವರೆದೆಗೆ ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಕಿರುಚಿದ: "ಸಾಯಾಕೆ ನನ್ ಬಸ್ಸೇ ಬೇಕಿತ್ತೇನ್ರೀ?"

"ಬೈಯಪ್ಪಾ, ಎಷ್ಟಾದ್ರೂ ಬೈಯಿ. ಓಡಿಸ್ತಾ ಬೈಯಿ!"

ಆಸ್ಪತ್ರೆಯಲ್ಲಿ ಡಾಕ್ಟರು ಚಿಮಟದಿಂದ ಕಾಳು ಹೊರತೆಗೆದರು. ಮಗಳು ಕಟ್ಟಡ ಹಾರಿಹೋಗುವಂತೆ ಅತ್ತಳು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ರಾತ್ರಿ ಅಲ್ಲೇ ಇರಲಿ ಎಂದರು. ಚಿಕ್ಕಮಾವ ಮಂಚದ ಪಕ್ಕ ನೆಲದ ಮೇಲೆ ಕೂತವರು ಏಳಲೇ ಇಲ್ಲ. ಮಗುವಿನ ಪುಟ್ಟ ಪಾದ ಅವರ ಮುಷ್ಟಿಯೊಳಗಿತ್ತು.

ಸಂಜೆ, ಸಂತೆಗೆ ಬಂದಿದ್ದ ನಮ್ಮ ಪಕ್ಕದ ಮನೆಯ ನಿಂಗಮ್ಮ ಸುದ್ದಿ ಕೇಳಿ ಮಗುವನ್ನು ನೋಡಲು ಬಂದಳು. ತಲೆ ಸವರಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ಅಂದಳು:

"ಬರೋ ದಾರೀಲಿ ನಿಮ್ ಚಿಕ್ಕಮಾವ್ನೋರ ಕಾರಿನಂಗೇ ಒಂದು ಕಾರು ನಡುರಸ್ತೇಲಿ ನಿಂತದೆ ಕಣವ್ವಾ, ಬಾಗ್ಲೂ ಮುಚ್ಚಿಲ್ಲ. ಗಾಡಿಯೋರೆಲ್ಲ ಸುತ್ತಾಕ್ಕೊಂಡ್ ಬತ್ತಾವ್ರೆ. ಯಾರ್ದೋ ಏನೋ! ಇವ್ರದ್ದಂತೂ ಅಲ್ಲ ಬುಡು."