ಗಬ್ಬೂರಿನ ಒಬ್ಬನೇ ಸೈಂಟಾಲಜಿಸ್ಟ್

ನಮ್ಮಣ್ಣ ಗಬ್ಬೂರಿನ ಏಕೈಕ ಸೈಂಟಾಲಜಿಸ್ಟ್. ದೇವದುರ್ಗ, ಮಾನ್ವಿ, ರಾಯಚೂರು ಜಾಲಾಡಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಹಾಗಾಗಿ ಅಮೆರಿಕದಲ್ಲಿ ಹುಟ್ಟಿದ ಆ ಧರ್ಮದ ಅಧ್ಯಕ್ಷ, ಕಾರ್ಯದರ್ಶಿ, ಸರ್ವಸದಸ್ಯರ ಸಭೆ, ಎಲ್ಲಾ ಅವನೇ! ಕೋರಂಗೆ ಎಂದೂ ಕೊರತೆಯಾಗಲಿಲ್ಲ.

ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದವನು ಯಾವುದೋ ದೂರದ ಬಂದರಿನಲ್ಲಿ ಈ ಮತ ಹಿಡಿದ. ಉಳಿದವರು ರಿಟೈರ್ ಆಗಿ ಬರುವಾಗ ಸೆಂಟು, ಟೇಪ್‌ರೆಕಾರ್ಡರ್ ತರುತ್ತಾರೆ. ಇವನು ಧರ್ಮ ತಂದ. ಕಸ್ಟಮ್ಸ್‌ನವರಿಗೂ ಗೊತ್ತಾಗಲಿಲ್ಲ ನೋಡಿ! ಸುದ್ದಿ ತಿಳಿದು, ಕುರಿ ಕಾಯುವ ಹಿರಿಯಜ್ಜ ವಿಚಾರಣೆಗೆ ಬಂದ.

“ನಿಮ್ಮ ದ್ಯಾವ್ರಿಗಿ ಕಾಯಿ ಒಡಿತಾರೇನ್ರಿ, ಕುರಿ ಕಡಿತಾರೇನ್ರಿ?”

“ಎರಡೂ ಇಲ್ಲ, ಯಪ್ಪಾ.”

“ಮತ್ತ ಮಂದಿಗಿ ಊಟಕ್ಕೇನು ಹಾಕ್ತೀರಿ?”

ಅಣ್ಣನ ಮುಖ ನೋಡಿ ಅಜ್ಜನೇ ಕನಿಕರಿಸಿದ: “ಇರ್ಲಿ ಬಿಡ್ರಿ. ಮೊಹರಮ್ಮಿಗಿ ನಾವೂ ಹರಕಿ ಹೊತ್ತು ಫಕೀರ ಆಗ್ತೀವಿ. ಇಷ್ಟು ದ್ಯಾವ್ರು ಅದಾವ, ನಿಮ್ದೊಂದು ಭಾರ ಆಗ್ತದೇನು?”

ಅಲ್ಲಿಗೆ ಸೈಂಟಾಲಜಿಗೆ ಗಬ್ಬೂರಿನ ಸಿಟಿಜನ್‌ಶಿಪ್ ಸಿಕ್ಕಿತು.

ಅಣ್ಣನ ಪೂಜೆಯೆಂದರೆ ಎರಡು ಕುರ್ಚಿ. ಎದುರುಬದುರು ಕೂತು ಒಬ್ಬರು ಮನಸ್ಸಿನ ನೋವು ಹೇಳಬೇಕು. ಇನ್ನೊಬ್ಬರು ಒಪಿನಿಯನ್ ಕೊಡದೆ ಕೇಳಬೇಕು. ಒಪಿನಿಯನ್ ಕೊಡದ ಗಂಡಸು! ಪಕ್ಕದ ಊರು ಮಸರಕಲ್ಲಿನಿಂದಲೂ ಹೆಂಗಸರು ಬಸ್ ಹತ್ತಿ ಬಂದರು. ಅಣ್ಣನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯಿಂದಲೇ ಟೀಕೆ ಬಿಡುತ್ತಿದ್ದಳು: “ಊರ ಮಂದಿ ಮಾತೆಲ್ಲಾ ಕೇಳ್ತಾರ. ಉಪ್ಪು ತರ್ರಿ ಅಂದಿದ್ದೊಂದು ಕಿವಿಗಿ ಬೀಳಂಗಿಲ್ಲ.”

ಆದರೆ ಅವನ ನೋವು ಕೇಳುವವರು? ಅವನ ಕಣ್ಣೆದುರೇ ಸಮುದ್ರದ ಪಾಲಾದ ಒಬ್ಬ ಗೆಳೆಯನಿದ್ದ. ಆ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ವೈನಿಯನ್ನೇ ಕೇಳಿಕೊಂಡ.

“ಒಮ್ಮಿ ನನ್ನ ಎದುರಿಗಿ ಕೂಡು. ಸುಮ್ಮ ಕೇಳಿದ್ರ ಸಾಕು.”

“ನೀವು ಒಮ್ಮಿ ಮೊಹರಮ್ಮಿಗಿ ನನ್ನ ಕೂಡ ಅಲಾಯಿ ದ್ಯಾವ್ರಿಗಿ ಬರ್ರಿ. ಆಮ್ಯಾಲ ನೋಡೂಣು.”

“ನಿನ್ನ ನಂಬಿಕಿ ನಿನಗ. ನಾ ಅಡ್ಡ ಬರಂಗಿಲ್ಲ.”

ಅಡ್ಡ ಬರಲಿಲ್ಲ, ಜೊತೆಗೂ ಬರಲಿಲ್ಲ. ಅವಳೂ ಕೂಡಲಿಲ್ಲ. ವರ್ಷಗಟ್ಟಲೆ ಒಬ್ಬರ ದೇವರನ್ನು ಇನ್ನೊಬ್ಬರು ಮರ್ಯಾದೆಯಿಂದ ಬಾಗಿಲಾಚೆ ನಿಲ್ಲಿಸಿಯೇ ಬಾಳಿದರು. ಸೋ ಸಿವಿಲೈಸ್ಡ್, ಎಂದು ನಾನು ರಾಯಚೂರಿನಲ್ಲಿ ಕೂತು ಕಾನ್ವೆಂಟಿನ ಗೆಳತಿಯರ ಮುಂದೆ ಹೊಗಳಿದ್ದೇ ಹೊಗಳಿದ್ದು. ಟಾಲರೆನ್ಸ್ ಎಂಬುದು ಇಷ್ಟು ತಣ್ಣಗಿರಬೇಕಿತ್ತೇ ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈಯೂ ಇಲ್ಲ, ಮಾತೂ ಇಲ್ಲ. ಮೊಹರಮ್ ಬಂತು. ಅವನ ಮಾತು ಮರಳಲೆಂದು ವೈನಿ ಹರಕೆ ಹೊತ್ತು, ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರಳಾದಳು. ಫಕೀರರಾದವರು ಐದು ಮನೆ ಬೇಡಿ, ಸಿಕ್ಕಿದ್ದನ್ನು ಅಲಾಯಿ ದೇವರಿಗೆ ಒಪ್ಪಿಸಬೇಕು. ನಾಲ್ಕು ಮುಗಿಸಿ ನೆಟ್ಟಗೆ ತನ್ನ ಹೊಸ್ತಿಲಿಗೇ ಬಂದು ನಿಂತಳು. ನಾನು ಅಲ್ಲೇ ಇದ್ದೆ.

“ವೈನಿ, ಸ್ವಂತ ಮನ್ಯಾಗ ಯಾರರೆ ಬೇಡ್ತಾರೇನು?”

“ಫಕೀರಾದಾಕಿಗಿ ಸ್ವಂತ ಮನಿ ಎಲ್ಲಿರ್ತದ, ಯವ್ವಾ?”

ಅಣ್ಣ ಗೋಡೆ ಹಿಡಿದು ಎದ್ದ. ಎಡಗೈಯಲ್ಲಿ ಸಕ್ಕರೆ ತಂದು, ಅರ್ಧ ನೆಲಕ್ಕೆ ಚೆಲ್ಲಿ, ಅರ್ಧ ಅವಳ ಸೆರಗಿಗೆ ಹಾಕಿದ. ವೈನಿ ಒಳಗೆ ಬಂದಳು. ಅವನನ್ನು ಕೂಡಿಸಿ, ತಾನು ಎದುರಿಗೆ ಕುಳಿತಳು.

“ಹೇಳ್ರಿ.”

ಅವನ ತುಟಿ ಅಲುಗಿತು. ದನಿ ಹೊರಡಲಿಲ್ಲ. ಜನ್ಮದಲ್ಲಿ ಬಾಯಿ ಮುಚ್ಚದ ನಮ್ಮ ವೈನಿ ತುಟಿಪಿಟಕ್ಕೆನ್ನದೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣು ತುಂಬಿ ಹರಿದು, ಆ ತುಟಿ ತಾನಾಗಿ ನಿಲ್ಲುವವರೆಗೂ ಎದ್ದೇಳಲಿಲ್ಲ.

ಹೊರಗೆ ಬಂದಮೇಲೆ ತಡೆಯಲಾರದೆ ಕೇಳಿದೆ, “ಏನಂದ?”

“ಅವರಿಗಿ ಬಾಯಿ ಇದ್ದಾಗ ಕೂಡಲಿಲ್ಲ ನಾನು,” ಎಂದಳು. ಸಕ್ಕರೆ ಚೆಲ್ಲದಂತೆ ಸೆರಗು ಹಿಡಿದು, “ಒಬ್ರು ಹೇಳಿದ್ದು ಇನ್ನೊಬ್ರ ಮುಂದ ಆಡಬಾರದಂತ ಯವ್ವಾ, ಅವರ ಧರ್ಮದಾಗ.”

ಸೆರಗಿನ ಸಕ್ಕರೆಗೆ ಗಂಟು ಹಾಕಿಕೊಂಡು ಅಲಾಯಿ ದೇವರ ಕಡೆ ನಡೆದಳು.